ಕಮಲಾ ಕೇಳದೇ ಬಿಟ್ಟ ಒಂದು ಮನೆ

ನನ್ನ ಚೊಚ್ಚಲ ಹೆರಿಗೆ ಬರೋಡಾದ ದೊಡ್ಡಾಸ್ಪತ್ರೆಯಲ್ಲಿ ಆಯಿತು. ತವರಿನಿಂದ ಯಾರಾದರೂ ಬರಬಹುದೆಂದು ಕಾದದ್ದೇ ಬಂತು. ಧಾರವಾಡ ಎಲ್ಲಿ, ಬರೋಡಾ ಎಲ್ಲಿ! ಅತ್ತೆ ಸರಸ್ವತಿಬಾಯಿಯವರಿಗೆ ಆಸ್ಪತ್ರೆಯ ಹೆಸರು ಕೇಳಿದರೇ ಮಡಿ ಕೆಡುತ್ತಿತ್ತು. ಹಾಗಾಗಿ ನನ್ನ ಜೊತೆ ಬಂದವಳು ನಾದಿನಿ ಕಮಲಾಕ್ಷಿ. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿ. ಮದುವೆಯಾಗದವಳು ಹೆರಿಗೆ ಕೋಣೆಯ ಹತ್ತಿರ ಸುಳಿಯಬಾರದು, ಹೊರಗೆ ಬೆಂಚಿನ ಮೇಲೆ ಕೂತಿರಬೇಕು ಎಂದು ಅತ್ತೆ ನೂರು ಸಲ ಹೇಳಿ ಕಳಿಸಿದ್ದರು.

ಆದರೆ ಅವತ್ತು ಒಟ್ಟಿಗೆ ಹಲವು ಹೆರಿಗೆಗಳು ಬಂದಿದ್ದವು. ದಾದಿಯೊಬ್ಬಳು ಬಾಗಿಲಿಗೆ ಬಂದು ಕಮಲಾಕ್ಷಿಯ ಕೈಗೆ ಒಂದು ಬಟ್ಟೆ ಕೊಟ್ಟು ಒಳಗೆ ಎಳೆದುಕೊಂಡಳು. ಕೂಸು ಹುಟ್ಟಿತು, ಅಳಲಿಲ್ಲ. ದಾದಿ ಅದರ ಬಾಯಲ್ಲಿ ಕಿರುಬೆರಳು ಆಡಿಸಿ, ಬೋರಲು ಹಾಕಿಕೊಂಡು ಬೆನ್ನು ತಿಕ್ಕಿದಳು. ಮತ್ತೂ ಒಂದು ಸಲ ತಿಕ್ಕಿದಳು. ಆಮೇಲೆ ನನ್ನ ಮಗಳು ಇಡೀ ವಾರ್ಡು ಎದ್ದು ಕೂರುವ ಹಾಗೆ ಅತ್ತಳು. ಆ ಹೊತ್ತಿನದು ನನಗೆ ಬೇರೇನೂ ನೆನಪಿಲ್ಲ, ಬಟ್ಟೆ ಹಿಡಿದು ನಿಂತಿದ್ದ ಕಮಲಾಕ್ಷಿಯ ಮುಖ ಮಾತ್ರ ನೆನಪಿದೆ. ಅವಳು ಕೂಸನ್ನು ನೋಡುತ್ತಿರಲಿಲ್ಲ, ದಾದಿಯ ಕೈ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅದೇ ಮಾತು. ನಾನು ಬಾಣಂತಿ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರೆ ಬಾಗಿಲಲ್ಲಿ ಬಂದು ಕೂರುತ್ತಿದ್ದಳು.

“ವೈನಿ, ಆಕಿ ಬೆನ್ನಮ್ಯಾಲೆ ಹೆಂಗ ಕೈ ಆಡಿಸಿದ್ಲು ನೋಡಿದ್ರೇನು?”

“ನಾ ಎಲ್ಲಿ ನೋಡ್ಲಿ ತಾಯಿ, ನನಗ ಕಣ್ಣಾಗ ಬರೇ ಚುಕ್ಕಿ ಕಾಣ್ತಿದ್ವು.”

“ನನಗ ಅದನ್ನ ಕಲೀಬೇಕಾಗೇದ.”

ಮೊದಲು ನಾನು ನಕ್ಕೆ. ಹುಡುಗಿಯರಿಗೆ ಒಂದೊಂದು ಕಾಲಕ್ಕೆ ಒಂದೊಂದು ಹುಚ್ಚು, ಹೋದ ವರ್ಷ ಕ್ರೋಶಾ ಹೆಣಿಗೆಯ ಹುಚ್ಚಿತ್ತು. ಆದರೆ ಇದು ಇಳಿಯುವ ಹುಚ್ಚಾಗಿರಲಿಲ್ಲ. ನನ್ನ ಮಗಳಿಗೆ ಎಣ್ಣೆ ಹಚ್ಚುವಾಗ, ಬಟ್ಟೆ ಬದಲಿಸುವಾಗ ಅವಳ ಕೈ ಎಷ್ಟು ನಿಧಾನ, ಎಷ್ಟು ಧೈರ್ಯ ಅಂತೀರಿ! ಹೆತ್ತವಳು ನಾನೇ ಹೆದರಿ ಹೆದರಿ ಎತ್ತುತ್ತಿದ್ದೆ.

ನನ್ನ ಗಂಡ ಹರಿಪ್ರಸಾದರದು ವಿಮಾ ಕಚೇರಿಯ ನೌಕರಿ, ಧಾರವಾಡದಿಂದ ವರ್ಗವಾಗಿ ಬಂದದ್ದು. ರಾವಪುರಾದ ಹಿಂದೆ ಒಂದು ಪೋಳಿನಲ್ಲಿ ನಮ್ಮ ಮನೆ. ಪೋಳೆಂದರೆ ಒಂದೇ ದೊಡ್ಡ ಬಾಗಿಲಿನ ಓಣಿ, ಒಳಗೆ ಎದುರುಬದುರು ಮನೆಗಳು. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರಬೇಕು, ಅಷ್ಟು ಹತ್ತಿರ. ನಮ್ಮವರು ತಂಗಿಯ ಆಸೆ ಕೇಳಿ ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವರ ಸ್ವಭಾವವೇ ಹಾಗೆ, ತಕ್ಕಡಿ ಹಿಡಿದು ನಡುವೆ ನಿಲ್ಲುವುದು. ಆ ಹೊತ್ತಿಗೆ ಒಂದು ಸಂಬಂಧವೂ ಬಂದಿತ್ತು. ಊರ ಹೊರಗೆ ಕೊಯಾಲಿಯಲ್ಲಿ ಎಣ್ಣೆ ಶುದ್ಧ ಮಾಡುವ ಸರಕಾರಿ ಕಾರ್ಖಾನೆ ಏಳುತ್ತಿತ್ತಲ್ಲ, ಅಲ್ಲಿನ ಫೋರಮನ್ ಸೀತಾರಾಮ, ಗದಗಿನ ಕಡೆಯವರು. ಒಳ್ಳೆಯ ಹುಡುಗನೆಂದು ಎಲ್ಲರೂ ಹೇಳುತ್ತಿದ್ದರು.

ಕಡೆಗೆ ಮಗಳ ಹಟಕ್ಕೆ ಅರ್ಧ ಸೋತು ಅತ್ತೆ ತೀರ್ಮಾನ ಕೊಟ್ಟರು. “ದಸರಾದ ತನಕ ಕಾಯ್ತೀನಿ. ಎಲ್ಲಿ ಕಲಸ್ತಾರ, ಎಷ್ಟು ವರ್ಷ ಕಲಸ್ತಾರ, ಎಲ್ಲಾ ಕೇಳ್ಕೊಂಡು ಬಾ. ಆದ್ರ ಒಂದು ಮಾತು. ಉಣ್ಣೂದು ಮನ್ಯಾಗ ಆಗಬೇಕು, ಇರೂದು ಮನ್ಯಾಗ ಆಗಬೇಕು. ಹಾಸ್ಟೆಲ್ಲು ಗೀಸ್ಟೆಲ್ಲು ಅಂದ್ರ ನನ್ನ ಹತ್ರ ಬರಬ್ಯಾಡ. ದಸರಾಕ್ಕ ಸಿಗಲಿಲ್ಲ ಅಂದ್ರ ಕೊಯಾಲಿಯವರಿಗೆ ಹೂಂ ಅಂತೀನಿ.”

ಕಮಲಾಕ್ಷಿ ಅದನ್ನು ಹಬ್ಬದ ಹಾಗೆ ಸ್ವೀಕರಿಸಿದಳು. ಸಿಕ್ಕೇ ಸಿಗುತ್ತದೆ ಎನ್ನುವ ನಂಬಿಕೆ. ಇಷ್ಟು ದೊಡ್ಡ ಊರಿನಲ್ಲಿ ದಿನಾ ಮಕ್ಕಳು ಹುಟ್ಟುತ್ತವೆ, ಹೆರಿಗೆ ಮಾಡಿಸುವವರು ಎಲ್ಲೋ ಒಂದು ಕಡೆ ಕಲಿತೇ ಇರುತ್ತಾರಲ್ಲ, ಹೌದಲ್ಲೋ?

ಮೊದಲು ಅವಳು ಕೇಳಿದ್ದು ದೊಡ್ಡಾಸ್ಪತ್ರೆಯ ಆ ದಾದಿಯನ್ನೇ. ಕಲಿಸುತ್ತೇವೆ, ಆದರೆ ಹಾಸ್ಟೆಲ್ಲಿನಲ್ಲಿ ಇರಲೇಬೇಕು ಎಂಬ ಉತ್ತರ ಬಂತು. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಆಮೇಲೆ ನಾವು ಮಾಡಿದ್ದು, ಪರವೂರಲ್ಲಿರುವ ಕನ್ನಡದವರೆಲ್ಲ ಮಾಡುವ ಕೆಲಸ. ಏನು ಬೇಕಾದರೂ ಕನ್ನಡದವರನ್ನೇ ಕೇಳುವುದು. ಹಾಲಿನವನು ಯಾರು ಒಳ್ಳೆಯವನು ಎನ್ನುವುದನ್ನೂ ಊರಾಚೆಯ ಕನ್ನಡದವರನ್ನು ಕೇಳಿಯೇ ಗೊತ್ತುಮಾಡಿಕೊಂಡ ಜನ ನಾವು. ಯುಗಾದಿಗೆ ಅಹಮದಾಬಾದಿಗೆ ಹೋದೆವು. ಅಲ್ಲಿ ವಸ್ತ್ರಾಪುರದ ಕೆರೆ ದಂಡೆಯಲ್ಲಿ ಕನ್ನಡದ ಮನೆಗಳವರು ಬೇವು-ಬೆಲ್ಲ ಹಂಚಿ ಊಟ ಮಾಡುವ ರೂಢಿ ಇತ್ತು, ಆಗ ಸುತ್ತ ಬರೀ ಹೊಲ. ಪಟ್ಟಾಭಿರಾಮ ಎನ್ನುವ ಮೈಸೂರಿನವರು ಸಂಶೋಧನೆಯ ಕಡೆ ದೊಡ್ಡ ಹುದ್ದೆಯಲ್ಲಿದ್ದರು. ಎಲ್ಲರೂ ಅವರನ್ನೇ ಕೇಳಿ ಎಂದರು.

“ಅಷ್ಟು ಆಸೆ ಇದ್ರೆ ಡಾಕ್ಟ್ರೇ ಆಗ್ಬಿಡಮ್ಮ, ದಾದಿ ಕೆಲ್ಸ ಯಾಕೆ?” ಎಂದರು ಅವರು, ಚಿತ್ರಾನ್ನ ತಿನ್ನುತ್ತ.

“ಡಾಕ್ಟರ್ ಆಗ್ಲಿಕ್ಕೆ ಭಾಳ ವರ್ಷ ಬೇಕ್ರಿ. ನಮ್ಮವ್ವ ನನಗ ಕೊಟ್ಟಿದ್ದು ದಸರಾದ ತನಕ” ಎಂದಳು ಕಮಲಾಕ್ಷಿ. ಎಲ್ಲರೂ ಹೋ ಎಂದು ನಕ್ಕರು. ಅವಳು ನಗಲಿಲ್ಲ.

ಪಾಪ, ಪಟ್ಟಾಭಿರಾಮರು ದೊಡ್ಡ ಮನಸ್ಸಿನವರು. ಮಾರನೆಯ ದಿನ ರಜೆ ಹಾಕಿ ತಾವೇ ನಮ್ಮನ್ನು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲೂ ಅದೇ ಉತ್ತರ, ಹಾಸ್ಟೆಲ್ಲು. ಕಲಿಯುವ ಹುಡುಗಿಯರು ತಲೆಗೆ ಬಿಳಿ ಟೋಪಿ ಸಿಕ್ಕಿಸಿಕೊಂಡು ಸಾಲಾಗಿ ನಮ್ಮ ಮುಂದೆಯೇ ಹಾದು ಹೋದರು. ಕಮಲಾಕ್ಷಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಕೊನೆಯ ಹುಡುಗಿ ತಿರುವು ದಾಟಿದ ಮೇಲೂ ಅಲ್ಲಿಂದ ಕದಲಲಿಲ್ಲ, ನಾನೇ ಕೈ ಹಿಡಿದು ಕರೆತಂದೆ.

ಸೂರತ್ತಿನಲ್ಲಿ ಅತ್ತೆಯ ತಂಗಿ ಸಾವಿತ್ರಿ ಮೌಶಿ ಇದ್ದರು, ಅವರ ಯಜಮಾನರು ಬ್ಯಾಂಕಿನಲ್ಲಿ. ಮಳೆಗಾಲದಲ್ಲಿ ಅಲ್ಲಿಗೂ ಹೋಗಿ ಬಂದಳು. ಮೌಶಿ ಅಕ್ಕಪಕ್ಕದ ಕನ್ನಡದವರನ್ನೆಲ್ಲ ಕೇಳಿ ಸುದ್ದಿ ತೆಗೆದಿದ್ದರು. ಅಲ್ಲಿಯೂ ಕಲಿಸುತ್ತಾರೆ, ಅಲ್ಲಿಯೂ ಹಾಸ್ಟೆಲ್ಲು, ಮೇಲೆ ಅಲ್ಲಿ ಕೋಳಿ ತತ್ತಿ ಬೇಯಿಸುತ್ತಾರೆ! ಅತ್ತೆಯ ಮುಂದೆ ತತ್ತಿಯ ಸುದ್ದಿ ಹೇಳಬೇಡ ಎಂದು ನಾನು ಕಣ್ಣು ಮಿಟುಕಿಸುತ್ತಲೇ ಇದ್ದೆ, ಸುಳ್ಳು ಹೇಳಲು ಬಾರದ ಹುಡುಗಿ ಅದನ್ನೇ ಮೊದಲು ಹೇಳಿದಳು. ಅತ್ತೆ ಆ ರಾತ್ರಿ ಊಟ ಬಿಟ್ಟರು.

ಈಗ ಎದುರು ಮನೆಯ ಸಂಗತಿ ಹೇಳಬೇಕು. ಅಲ್ಲಿ ನಳಿನಿ ಎನ್ನುವವಳು ತಾಯಿಯ ಜೊತೆ ಇದ್ದಳು, ಕಮಲಾಕ್ಷಿಗಿಂತ ಸ್ವಲ್ಪ ದೊಡ್ಡವಳು. ಮೈಮೇಲೆ ಯಾವಾಗಲೂ ಅಚ್ಚ ಬಿಳಿ ಸೀರೆ. ಕೈಯಲ್ಲಿ ಒಂದು ಬಳೆ ಇಲ್ಲ, ಹಣೆಗೆ ಕುಂಕುಮ ಇಲ್ಲ, ಮುಡಿಗೆ ಹೂವಿಲ್ಲ. ಬೆಳಕು ಹರಿಯುವ ಮೊದಲೇ ಹೋದರೆ ಯಾವ ಹೊತ್ತಿಗೋ ಬರುತ್ತಿದ್ದಳು. ನಮ್ಮ ಕಡೆ ಗಂಡ ಸತ್ತ ಹೆಂಗಸರಿಗೆ ಕೆಂಪು ಸೀರೆ. ಗುಜರಾತಿನಲ್ಲಿ ಬಿಳಿ ಎನ್ನುವುದನ್ನು ಅತ್ತೆ ಮುಂಬಯಿಯಿಂದ ಬರುವಾಗ ರೈಲಿನಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ಈ ಊರ ರೀತಿ ನನಗೆಲ್ಲ ಗೊತ್ತು ಎಂದು ಅವರಿಗೆ ಜಂಬವೂ ಇತ್ತು. ನಳಿನಿಯನ್ನು ನೋಡಿದ ಮೊದಲ ದಿನವೇ, ಇಷ್ಟು ಚಿಕ್ಕ ವಯಸ್ಸಿಗೇ ಹೀಗಾಯಿತಲ್ಲ ಎಂದು ಕಣ್ಣೀರು ಹಾಕಿದರು. ಯಾವುದೋ ಶೇಠರ ಮನೆಯಲ್ಲಿ ಅಡಿಗೆಗೆ ಹೋಗುತ್ತಾಳೆಂದು ತಾವೇ ಕಥೆ ಕಟ್ಟಿದರು. ಪೋಳಿನ ಹೆಂಗಸರೂ ನೀರು ಹಿಡಿಯುವಾಗ “ಬಿಚಾರಿ ನಳಿನಿ, ಎಷ್ಟು ದುಡೀತಾಳೆ” ಎನ್ನುತ್ತಿದ್ದರು. ನಮಗೆ ಇನ್ನೇನು ಸಾಕ್ಷಿ ಬೇಕು?

“ಆಕೀನ ಮಾತಾಡಸೂಣೇನವ್ವಾ? ಪಾಪ ಅನಸ್ತದ” ಎಂದು ಒಮ್ಮೆ ಕಮಲಾಕ್ಷಿ ಕೇಳಿದ್ದಳು.

“ಏನಂತ ಮಾತಾಡಸ್ತಿ? ಮಾತಿಗೆ ಮಾತು ಬಂದು ಗಂಡನ ಸುದ್ದಿ ಬಂದ್ರ ಆಕಿ ಅಳ್ತಾಳ. ಹುಣ್ಣು ಕೆರೀಬಾರ್ದು.”

ಅತ್ತೆಯ ಮಮತೆಯೇನೋ ನಿಜವಾದದ್ದು. ಹಬ್ಬಕ್ಕೆ ಹೋಳಿಗೆ ಮಾಡಿದರೆ ಅವಳ ತಾಯಿಯ ಕೈಗೆ ಎರಡು ಹೆಚ್ಚೇ ಕೊಡುತ್ತಿದ್ದರು. ಆದರೆ ಶಕುನದ ವಿಷಯಕ್ಕೆ ಮಮತೆ ಬೇರೆ, ಶಕುನ ಬೇರೆ. ಕಮಲಾಕ್ಷಿ ವಿಚಾರಿಸಲು ಹೊರಟ ದಿನವೆಲ್ಲ ಅತ್ತೆ ಕಿಟಕಿಯಲ್ಲಿ ನಿಲ್ಲುತ್ತಿದ್ದರು. ನಳಿನಿ ಹೊರಬಿದ್ದು ಪೋಳಿನ ಬಾಗಿಲು ದಾಟಿದ ಮೇಲೆಯೇ “ಹಾಂ, ಈಗ ಹೋಗು” ಎಂದು ಮಗಳನ್ನು ಹೊರಗೆ ಬಿಡುತ್ತಿದ್ದರು. ಹಾಗೆ ಒಳ್ಳೆಯ ಶಕುನ ನೋಡಿಕೊಂಡೇ ಅಹಮದಾಬಾದು, ಸೂರತ್ ಎಲ್ಲ ಆದದ್ದು.

ದಸರಾ ಬಂತು. ಕಮಲಾಕ್ಷಿಯ ಕೈಯಲ್ಲಿ ಏನೂ ಇರಲಿಲ್ಲ. ವಿಜಯದಶಮಿಯ ಸಂಜೆ ಸೀತಾರಾಮರು ದೊಡ್ಡಪ್ಪನ ಜೊತೆ ಬಂದರು. ಬನ್ನಿ ಕೊಟ್ಟು ಬನ್ನಿ ತೆಗೆದುಕೊಂಡು, ಬಂಗಾರದಂಥ ಸಂಬಂಧ ಎಂದು ಮಾತು ಮುಗಿಸಿದರು. ಕಮಲಾಕ್ಷಿ ಎಲ್ಲರಿಗೂ ನಮಸ್ಕಾರ ಮಾಡಿದಳು. ಆಮೇಲೆ ನನ್ನ ಮಗಳನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. “ಎಲ್ಲಾ ಕಡೆ ಕೇಳಿದ್ನಲ್ಲ ವೈನಿ. ಎಲ್ಲೂ ಬಿಡಲಿಲ್ಲಲ್ಲ ನಾ?” ಎಂದಳು. ಎಲ್ಲೂ ಬಿಡಲಿಲ್ಲ ಎಂದೆ.

ಅದಾದ ಮೇಲೆ ಶೀಗಿ ಹುಣ್ಣಿಮೆ. ಇಲ್ಲಿಯವರಿಗೆ ಅದು ಶರದ್ ಪೂನಂ, ಹಾಲಿನಲ್ಲಿ ಅವಲಕ್ಕಿ ನೆನೆಸಿ ಬೆಳದಿಂಗಳಿಗಿಟ್ಟು ಗರಬಾ ಆಡುವ ದಿನ. ಮಧ್ಯಾಹ್ನವೇ ಬಳೆಗಾರ್ತಿ ಪೋಳಿಗೆ ಬಂದಿದ್ದಳು. ಮದುಮಗಳಿಗೆ ಹಸಿರು ಬಳೆ ಇಡಿಸೋಣವೆಂದು ಅವಳನ್ನು ಕರೆಯಲು ಅತ್ತೆ ಕಿಟಕಿಗೆ ಹೋದವರು ಹಾಗೇ ನಿಂತುಬಿಟ್ಟರು.

“ಪದ್ಮಾ! ಬಾ ಇಲ್ಲೆ. ಇದೇನ ಅನ್ಯಾಯ ನೋಡು!”

ನಾನು ಓಡಿಹೋಗಿ ನೋಡಿದರೆ, ಎದುರು ಜಗಲಿಯ ಮೇಲೆ ನಳಿನಿ ಕೂತಿದ್ದಾಳೆ. ಮೈಮೇಲೆ ಕನ್ನಡಿ ಚೂರು ಹೊಲಿದ ಕೆಂಪು ಘಾಗ್ರಾ. ಹಣೆಗೆ ಕುಂಕುಮ. ಎರಡೂ ಕೈ ಮುಂದೆ ಚಾಚಿದ್ದಾಳೆ, ಬಳೆಗಾರ್ತಿ ಒತ್ತಿ ಒತ್ತಿ ಬಳೆ ಏರಿಸುತ್ತಿದ್ದಾಳೆ. ತಾಯಿ ಪಕ್ಕದಲ್ಲಿ ನಿಂತು ಚೌಕಾಶಿ ಮಾಡುತ್ತಿದ್ದಾಳೆ.

ಅತ್ತೆ ರಾಮ ರಾಮ ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಸೀದಾ ಎದುರಿಗೆ ಹೋದೆ. ಕಮಲಾಕ್ಷಿಯೂ ಹಿಂದೆಯೇ ಬಂದಳು. ನಮ್ಮ ಹರಕು ಗುಜರಾತಿಯಲ್ಲಿ ಏನು ಕೇಳಬೇಕೆಂದು ತಿಳಿಯದೆ, “ಇವತ್ತು ಬಿಳಿ ಸೀರೆ ಇಲ್ಲವೇ ಬೆನ್?” ಎಂದೆ.

ನಳಿನಿ ನಕ್ಕಳು. ಅವಳು ಗುಜರಾತಿಯಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. “ಇವತ್ತು ರಜೆ. ಒಂಬತ್ತು ದಿನದ ಗರಬಾ ಪೂರ್ತಿ ತಪ್ಪಿತು, ಜೊತೆಯ ಹುಡುಗಿ ಊರಿಗೆ ಹೋಗಿದ್ದಳು. ಬಿಳಿ ಸೀರೆ ಹೆರಿಗೆಮನೆಯದು. ಹಿಂದಿನ ಓಣಿಯ ಸುಮಿತ್ರಾಬೆನ್ ಡಾಕ್ಟರ್ ಇಲ್ಲವೇ, ಅವರ ಕೈಕೆಳಗೆ ನಾನು ಹೆರಿಗೆ ಕೆಲಸ ಕಲಿಯುತ್ತಿದ್ದೇನೆ. ದೀಪಾವಳಿಗೆ ಎರಡು ವರ್ಷ ಮುಗಿಯುತ್ತದೆ.”

ನಾನು ಕಮಲಾಕ್ಷಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

“ಬಳೆ?” ಎಂದಳು ಕಮಲಾಕ್ಷಿ. ಅವಳ ದನಿಯೇ ಬೇರೆಯಾಗಿತ್ತು.

“ಬಳೆ ಇದ್ದರೆ ಒಳಗೆ ಬಿಡುವುದಿಲ್ಲ ಡಾಕ್ಟರ್ ಬೆನ್. ಮೊದಲನೆಯ ದಿನ ಕಲಿಸುವುದೇ ಕೈ ತೊಳೆಯುವುದು, ಮೊಣಕೈಯ ತನಕ. ಇದನ್ನೂ ನಾಳೆ ಬೆಳಿಗ್ಗೆ ತೆಗೆಯಬೇಕು.” ತಾಯಿಯ ಕಡೆ ನೋಡಿ, “ಒಂದೇ ದಿನಕ್ಕೆ ಯಾಕೆ ಖರ್ಚು ಅಂದರೆ ಇವಳು ಕೇಳುವುದಿಲ್ಲ” ಎಂದಳು.

ಕಮಲಾಕ್ಷಿ ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಕೂತುಬಿಟ್ಟಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಊಟ ಎಲ್ಲಿ? ಮನೆಯಲ್ಲೇ. ವಾಸ? ಮನೆಯಲ್ಲೇ, ಹಿಂದಿನ ಓಣಿಯ ದಾರಿಯಲ್ಲವೇ, ಯಾವ ಹೊತ್ತಿಗೆ ಕರೆ ಬಂದರೂ ತಾಯಿ ಬಂದು ಬಿಟ್ಟುಹೋಗುತ್ತಾಳೆ. ಎಷ್ಟು ಓದಿರಬೇಕು? ಮ್ಯಾಟ್ರಿಕ್. ಯಾವಾಗ ಸೇರಿಸಿಕೊಳ್ಳುತ್ತಾರೆ? ದೀಪಾವಳಿಯಾದ ಮೇಲೆ, ವರ್ಷಕ್ಕೆ ಇಬ್ಬರನ್ನು. ಯಾರನ್ನು? ಹತ್ತಿರ ಮನೆಯಿದ್ದವರನ್ನು ಮಾತ್ರ, ಕರೆದ ಕೂಡಲೇ ಓಡಿ ಬರಬೇಕಲ್ಲ. ಪತ್ರಿಕೆಯಲ್ಲಿ ಹಾಕುವುದಿಲ್ಲವೇ? ಯಾಕೆ ಹಾಕಬೇಕು, ಸುತ್ತಲಿನ ಓಣಿಗಳಿಗೆಲ್ಲ ಗೊತ್ತು.

ಇನ್ನೂ ಕೇಳಿದಳು. ಕೂಸು ಅಡ್ಡ ತಿರುಗಿದ್ದರೆ ಏನು ಮಾಡುತ್ತೀರಿ? ಹುಟ್ಟಿದ ಕೂಸು ಅಳದಿದ್ದರೆ? ಮಾತು ಕೊಟ್ಟು ಮುಗಿದ ಮದುವೆ ಮನೆಯ ಹುಡುಗಿ, ಇನ್ನು ಯಾವ ಉಪಯೋಗಕ್ಕೂ ಬಾರದ ಉತ್ತರಗಳನ್ನು ತಲೆಯಾಡಿಸುತ್ತ ಕೇಳಿಸಿಕೊಂಡಳು.

ಕಡೆಗೆ ನಳಿನಿಯೇ ಕೇಳಿದಳು. “ಇಷ್ಟೆಲ್ಲ ಕೇಳುತ್ತೀಯ, ಇಷ್ಟು ದಿನ ನನ್ನ ಮುಖವನ್ನೂ ನೋಡುತ್ತಿರಲಿಲ್ಲವಲ್ಲ ನೀವು? ನಾನು ಪೋಳಿನ ಬಾಗಿಲು ದಾಟುವ ತನಕ ನಿಮ್ಮ ತಾಯಿ ನಿನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ನಮ್ಮ ಕೆಲಸ ನಿಮಗೆ ಮೈಲಿಗೆ ಅಂದುಕೊಂಡಿದ್ದೆ.”

ಏನು ಹೇಳುವುದು? ನೀನು ವಿಧವೆ ಅಂದುಕೊಂಡಿದ್ದೆವು ಎನ್ನಬೇಕೇ, ಬಳೆ ತೊಟ್ಟು ಕೂತ ಮದುವೆಯಾಗದ ಹುಡುಗಿಗೆ, ಹಬ್ಬದ ದಿನ? ನಾನು ಏನೋ ಗೊಣಗಿದೆ. ಬಳೆಗಾರ್ತಿ ಕಮಲಾಕ್ಷಿಯ ಕೈ ಹಿಡಿದುಕೊಂಡು ಅಳತೆ ನೋಡುತ್ತಿದ್ದಳು.

ಆ ಸಂಜೆ ನಾನು ಮನೆಯಲ್ಲಿ ಜಗಳ ತೆಗೆದೆ. ಹಣತೆಯ ಹಾಗೆ ಮೆಲ್ಲಗೆ ಉರಿಯುವವಳಲ್ಲ ನಾನು, ಒಮ್ಮೆ ಹತ್ತಿಕೊಂಡರೆ ಹೊತ್ತಿಕೊಂಡ ಹಾಗೆಯೇ. ಕೊಯಾಲಿಯವರಿಗೆ ಹೇಳಿ ಕಳಿಸಿ, ಎರಡು ವರ್ಷ ತಡೆಯಿರಿ ಎಂದು ಕೇಳಿ ಎಂದೆ. ನಮ್ಮವರು ತಕ್ಕಡಿ ಹಿಡಿದು ನಿಂತರು.

“ಬನ್ನಿ ಕೊಟ್ಟು ಮಾತಾಗೇದ ಪದ್ಮಾ. ಈಗ ಕೇಳಿದ್ರ ಹುಡುಗಿಗೆ ಮನಸಿಲ್ಲ ಅಂತ ತಿಳ್ಕೋತಾರ. ಆಕೀಗೇ ಕೆಟ್ಟ ಹೆಸರು.”

ಅತ್ತೆ ಮೂಲೆಯಲ್ಲಿ ಕೂತು ಅಳುತ್ತಿದ್ದರು. “ನನ್ನ ಕಣ್ಣಿಗೆ ಮಣ್ಣು ಬೀಳ್ಲಿ. ದಿನಾ ಆಕೀನ್ನೇ ನೋಡ್ತಿದ್ನಲ್ಲೋ” ಎಂದು ಮತ್ತೆ ಮತ್ತೆ ಅಂದರು. ಅವರನ್ನು ಬೈಯಲು ತಯಾರಾಗಿ ಬಂದಿದ್ದ ನಾನು ನೀರು ತಂದು ಅವರ ಮುಂದಿಟ್ಟೆ. ಕಮಲಾಕ್ಷಿ ಬಂದು ತಾಯಿಯ ಕಣ್ಣೊರೆಸಿದಳು. ಹೊಸ ಹಸಿರು ಬಳೆಗಳು ಅವಳ ಮೊಣಕೈಯ ಕಡೆ ಜಾರದೆ ಬಿಗಿಯಾಗಿ ಕೂತಿದ್ದವು.

ಮಾಘದಲ್ಲಿ ಮದುವೆಯಾಯಿತು. ಸೀತಾರಾಮರನ್ನು ನಾನು ಒಂದು ಮಾತೂ ಆಡುವಂತಿಲ್ಲ, ಅಷ್ಟು ಒಳ್ಳೆಯವರು. ಮದುವೆಯಾಗಿ ವರ್ಷದ ಮೇಲೆ ಯಾವುದೋ ಮಾತಿಗೆ ಈ ಸಂಗತಿ ಅವರ ಕಿವಿಗೆ ಬಿದ್ದಾಗ ಎತ್ತಿದ ತುತ್ತನ್ನು ತಾಟಿಗೇ ಇಟ್ಟರು. “ಒಂದು ಮಾತು ನನ್ನ ಕೇಳಬೇಕಿತ್ತಲ್ರೀ ವೈನಿ. ಎರಡು ವರ್ಷ ಕಾಯ್ತಿದ್ದೆ. ಆಗ ನನಗರೆ ಕ್ವಾರ್ಟರ್ಸ್ ಎಲ್ಲಿತ್ತು?” ಎಂದರು. ಕೇಳಬೇಕಾದವರನ್ನು ಬಿಟ್ಟು ಊರೆಲ್ಲ ಕೇಳುವುದು ನಮ್ಮ ಮನೆತನಕ್ಕೆ ಅಂಟಿದ ರೋಗವೆಂದು ಕಾಣುತ್ತದೆ. ಆ ಹೊತ್ತಿಗೆ ಕಮಲಾಕ್ಷಿ ಕೊಯಾಲಿಯಲ್ಲಿದ್ದಳು, ದಿನಾ ಪೋಳಿಗೆ ಬಂದು ಹೋಗುವ ದೂರವಲ್ಲ, ಕರೆದ ಕೂಡಲೇ ಓಡಿಬರುವ ದೂರವಂತೂ ಅಲ್ಲವೇ ಅಲ್ಲ. ನಳಿನಿಯ ಜಾಗಕ್ಕೆ ಪಕ್ಕದ ಓಣಿಯ ಹುಡುಗಿ ಸೇರಿದ್ದಳು.

ಕಮಲಾಕ್ಷಿ ಬಾಣಂತನಕ್ಕೆ ತವರಿಗೆ ಬಂದಾಗ ಸುಮಿತ್ರಾಬೆನ್ನರ ಹತ್ತಿರವೇ ಹೋಗುತ್ತೇನೆಂದು ಹಟ ಹಿಡಿದಳು. ಅತ್ತೆ ತಾವೇ ಜೊತೆಗೆ ಹೋದರು, ಮಡಿಯ ಮಾತೆತ್ತಲಿಲ್ಲ. ಹೆರಿಗೆ ಮಾಡಿಸಿದವಳು ನಳಿನಿ, ಕಲಿತು ಮುಗಿಸಿ ಅಲ್ಲೇ ಕೆಲಸಕ್ಕೆ ನಿಂತಿದ್ದಳು. ಅಷ್ಟು ನೋವಿನಲ್ಲೂ ಈ ಹುಡುಗಿ ತಲೆ ಎತ್ತಿ ಎತ್ತಿ ಅವಳ ಕೈ ನೋಡುತ್ತಿದ್ದಳಂತೆ. “ಮಲಗು ನೋಡೋಣ, ಹೆರುವವಳು ನೀನು, ಹೆರಿಗೆ ಮಾಡಿಸುವವಳು ನಾನು” ಎಂದು ನಳಿನಿ ಗದರಿದಳಂತೆ. ಇದನ್ನು ನಳಿನಿ ನಗುತ್ತ ಹೇಳಿದಳು. ನಾನೂ ನಕ್ಕೆ, ಮನೆಗೆ ಬಂದು ಕಣ್ಣೀರು ಹಾಕಿದೆ.

ಹೋದ ಚಳಿಗಾಲದಲ್ಲಿ ನನ್ನ ಎರಡನೆಯ ಕೂಸನ್ನು ಎತ್ತಿಕೊಂಡು ಕೊಯಾಲಿಗೆ ಹೋಗಿದ್ದೆ. ಚೊಕ್ಕ ಮನೆ, ಮುಂದೆ ತುಳಸಿ, ಕಿಟಕಿಯಾಚೆ ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಹಗಲೂ ಆರದ ಬೆಂಕಿ. ಕಮಲಾಕ್ಷಿ ದುಂಡಗಾಗಿದ್ದಳು, ತನ್ನ ಮಗುವನ್ನು ಒಳಗೆ ಮಲಗಿಸಿ ನಗುತ್ತ ಬಂದಳು. ನನ್ನ ಕೂಸನ್ನು ಕೊಡಲು ಹೋದರೆ, “ತಡೀರಿ ವೈನಿ” ಎಂದು ಬಚ್ಚಲಿಗೆ ಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದೆ. ಕೈಗೆ ಸಾಬೂನು ಹಚ್ಚಿಕೊಂಡು ಬಳೆಗಳನ್ನು ಒಡೆಯದ ಹಾಗೆ ಒಂದೊಂದಾಗಿ ಕಳಚಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಆಮೇಲೆ ಮೊಣಕೈಯ ತನಕ ತೊಳೆದಳು, ಬೆರಳಿನ ಸಂದಿ, ಉಗುರು, ಮಣಿಕಟ್ಟು. ಮತ್ತೆ ಸಾಬೂನು ಹಚ್ಚಿ ಮತ್ತೆ ತೊಳೆದಳು. ಕೈ ಮೇಲಕ್ಕೆತ್ತಿ ಹಿಡಿದುಕೊಂಡು ಬಂದು ಕೂಸನ್ನು ತೆಗೆದುಕೊಂಡಳು. ಬೋರಲು ಹಾಕಿಕೊಂಡು ಬೆನ್ನ ಮೇಲೆ ಕೈ ಆಡಿಸಿದಳು. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು.

“ದಿನಾ ಹಿಂಗ ತೊಳೀತೀಯೇನ?” ಎಂದೆ.

ಅವಳು ಕೂಸಿನ ಬೆನ್ನ ಮೇಲೆ ಕೈ ಆಡಿಸುತ್ತಲೇ ಇದ್ದಳು. ಅಂಗಳದಲ್ಲಿ ಅವಳ ಅತ್ತೆಯ ಚಪ್ಪಲಿಯ ಸಪ್ಪಳ ಕೇಳಿತು. ಮುತ್ತೈದೆಯ ಕೈ ಬರಿದಾಗಿದ್ದನ್ನು ಕಂಡರೆ ಏನನ್ನುತ್ತಾರೋ ಎಂದು ನನಗೆ ದಿಗಿಲಾಯಿತು.

“ಲಗೂ ಬಳಿ ಹಾಕ್ಕೋ ಕಮಲಾ, ನಿಮ್ಮತ್ತಿ ಬಂದ್ರು.”

“ಹಾಕ್ಕೋತೀನಿ ವೈನಿ” ಎಂದಳು. “ಕೈ ಒಣಗ್ಲಿ.”

ಕೈ ಒಣಗಿ ಬಹಳ ಹೊತ್ತಾಗಿತ್ತು.